ತಂಗಿಯ ತಲೆಯ ಫೋಟೋ

ನನ್ನ ತಂಗಿಯ ಮುಖದ ಫೋಟೋ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಅವಳ ತಲೆಬುರುಡೆಯ ಫೋಟೋ ಒಂದೇ.

ಇಳಕಲ್ಲಿನ ಸ್ಟುಡಿಯೋದವನು ಒಮ್ಮೆ ಪ್ರಯತ್ನಪಟ್ಟಿದ್ದ. ನಮ್ಮಿಬ್ಬರನ್ನೂ ಬಣ್ಣದ ಪರದೆಯ ಮುಂದೆ ನಿಲ್ಲಿಸಿ "ಅಲಗಾಡಬ್ಯಾಡ್ರಿ" ಅಂದ. ನಾನು ಉಸಿರು ಬಿಗಿಹಿಡಿದು ನಿಂತೆ. ಅವಳ ಭುಜ ಹಾರಿತು, ಕಣ್ಣು ಮುಚ್ಚಿ ತೆರೆಯಿತು. ಮೂರು ಸಲ ತೆಗೆದ. ಮೂರರಲ್ಲೂ ನಾನು ಕಂಬದ ಹಾಗೆ ನೆಟ್ಟಗೆ, ನನ್ನ ಪಕ್ಕದಲ್ಲಿ ಹೊಗೆಯಂಥ ಒಂದು ಹುಡುಗಿ. ಕೊನೆಗೆ ಅವನು ಬೇಸತ್ತು ನಮ್ಮನ್ನು ಹೊರಗೆ ಕಳಿಸಿದ. ಹೊಸ ಲಂಗ ಹಾಕಿಕೊಂಡು ಬಂದಿದ್ದ ನನಗೆ ಅಳು ಬರುವಷ್ಟು ಸಿಟ್ಟು. ಮನೆಯವರೆಗೂ ಅವಳ ಕೈ ಹಿಡಿಯಲಿಲ್ಲ.

ಅದು ಎಪ್ಪತ್ತರ ದಶಕದ ನಡುಮಧ್ಯ. ನಾನು ಅವಳಿಗಿಂತ ಐದು ವರ್ಷಕ್ಕೆ ದೊಡ್ಡವಳು. ಮನೆಯಲ್ಲಿ ಅಪ್ಪ, ಅವ್ವ, ನಾವಿಬ್ಬರು ಮತ್ತು ಮಗ್ಗ. ಮಗ್ಗವನ್ನೂ ಮನೆಯವರ ಲೆಕ್ಕಕ್ಕೆ ಸೇರಿಸಬೇಕು, ಯಾಕೆಂದರೆ ಮುಂದಿನ ದೊಡ್ಡ ಕೋಣೆ ಅದರದು, ಹಿಂದಿನ ಸಣ್ಣ ಕೋಣೆ ನಮ್ಮದು. ಅಪ್ಪ ಬೆಳಿಗ್ಗೆ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಮಾತ್ರ ಮೇಲೇಳುತ್ತಿದ್ದ. ಅವ್ವ ಬಾಗಿಲ ಬಳಿ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು.

ತಂಗಿಗೆ ಆರು ವರ್ಷವಾದಾಗ ಮೊದಲು ಕಣ್ಣು ಶುರುವಾಯಿತು. ಪಟಪಟ ಅಂತ ರೆಪ್ಪೆ ಬಡಿಯುತ್ತಿದ್ದಳು. ನೂಲಿನ ಧೂಳು ಬಿದ್ದಿರಬೇಕು ಅಂತ ಅವ್ವ ಹರಳೆಣ್ಣೆ ಹಚ್ಚಿದಳು. ಕಣ್ಣು ನಿಂತಿತು, ಮೂಗು ಶುರುವಾಯಿತು. ಮೂಗು ನಿಂತಿತು, ಬಲಭುಜ ಕಿವಿಯ ತನಕ ಹಾರತೊಡಗಿತು. ಆಮೇಲೆ ಗಂಟಲಿನಿಂದ ಒಂದು ಸದ್ದು, ಬಿಕ್ಕಳಿಕೆಯೂ ಅಲ್ಲ ಕೆಮ್ಮೂ ಅಲ್ಲ. ಬಾಡಿಗೆಗೆ ಇದ್ದವರ ಹಾಗೆ ಒಂದು ಖಾಲಿ ಮಾಡಿದರೆ ಇನ್ನೊಂದು ಬಂದು ಸೇರುತ್ತಿತ್ತು. ಕೆಲವೊಮ್ಮೆ ಎರಡು ಮೂರು ಒಟ್ಟಿಗೇ ಇರುತ್ತಿದ್ದವು.

ಶಾಲೆಯಲ್ಲಿ ಅವಳ ಗತಿ ಹೇಳುವಂತಿರಲಿಲ್ಲ. ಎರಡರ ಮಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಮನಸ್ಸು ಗೋಡೆಯ ಮೇಲಿನ ಹಲ್ಲಿಯ ಹತ್ತಿರ ಹೋಗಿರುತ್ತಿತ್ತು. ಪಾಟಿ ಒಂದು ಕಡೆ, ಬಳಪ ಒಂದು ಕಡೆ, ಇವಳು ಮತ್ತೊಂದು ಕಡೆ. ಕೂತಲ್ಲಿ ಕೂರುತ್ತಿರಲಿಲ್ಲ. ಅಕ್ಕೋರು, ಅಂದರೆ ಅವಳ ಶಿಕ್ಷಕಿ, ಮೊದಮೊದಲು ಮುದ್ದಿನಿಂದ ಹೇಳಿದರು, ಆಮೇಲೆ ಕಿವಿ ಹಿಂಡಿದರು, ಕೊನೆಗೆ ನನ್ನನ್ನು ದೊಡ್ಡವರ ತರಗತಿಯಿಂದ ಕರೆಸಿ, "ಈಕಿನ್ನ ಮನಿಗೆ ಕರ್ಕೊಂಡು ಹೋಗವಾ, ಉಳದ ಮಕ್ಕಳು ಈಕಿನ್ನ ನೋಡ್ಕೋಂತ ಕುಂಡ್ರತಾವ" ಅಂದರು. ವಾರಕ್ಕೆ ಎರಡು ಸಲವಾದರೂ ಹೀಗೆ ಆಗುತ್ತಿತ್ತು. ಓಣಿಯ ಮಕ್ಕಳು ಅವಳಿಗೆ 'ಮಿಟಕಿ' ಅಂತ ಹೆಸರಿಟ್ಟರು. ನನಗೆ 'ಮಿಟಕಿ ಅಕ್ಕ' ಅಂತ. ತಂಗಿಗೆ ಅವಳ ಹೆಸರಿನಿಂದ ನೋವಾಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ನನಗೆ ನನ್ನ ಹೆಸರಿನ ನೋವೇ ಸಾಕಾಗಿತ್ತು.

ಅವ್ವ ಮಾಡದ ಉಪಾಯವಿಲ್ಲ. ಕೊರಳಿಗೆ ತಾಯತ ಬಂತು, ಹಣೆಗೆ ಅಂಗಾರ ಬಂತು. ಒಂದು ಸೋಮವಾರ ಕೂಡಲಸಂಗಮಕ್ಕೆ ಕರೆದುಕೊಂಡು ಹೋಗಿ ಎರಡು ಹೊಳೆ ಕೂಡುವಲ್ಲಿ ಮುಳುಗಿಸಿದಳು. ನೀರಿನಲ್ಲಿ ತಂಗಿ ಸುಮ್ಮನೆ ತೇಲಿದಳು, ಕಣ್ಣು ಮಿಟುಕಿಸಲಿಲ್ಲ, ಭುಜ ಹಾರಿಸಲಿಲ್ಲ. ಅವ್ವ ದಂಡೆಯ ಮೇಲೆ ಕೈಮುಗಿದು ಗೊಳೋ ಅಂತ ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ, ಹುನಗುಂದ ದಾಟುವ ಮೊದಲೇ ಭುಜ ಮತ್ತೆ ಹಾರಿತು. ಅವ್ವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು.

ಈಗ ಕೊಂಡಿಯ ವಿಷಯ ಹೇಳಬೇಕು. ಇಳಕಲ್ಲ ಸೀರೆಯ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ನೇಯುವ ಮೊದಲು ಸೆರಗಿನ ಒಂದೊಂದು ಎಳೆಯನ್ನೂ ಮೈಯ ಒಂದೊಂದು ಎಳೆಯೊಳಗೆ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಸಾವಿರಾರು ಎಳೆಗಳು. ಒಂದು ತಪ್ಪಿತೆಂದರೆ ಅದರ ಹಿಂದಿನವೆಲ್ಲ ತಪ್ಪುತ್ತವೆ. ಒಬ್ಬರು ಸಿಕ್ಕಿಸುತ್ತ ಹೋದರೆ ಇನ್ನೊಬ್ಬರು ಪಕ್ಕದಲ್ಲಿ ಕೂತು ಎಳೆ ಬಿಡಿಸಿ ಕೊಡಬೇಕು. ಒಂಬತ್ತನೆಯ ವಯಸ್ಸಿನಿಂದ ಅಪ್ಪನ ಪಕ್ಕದ ಆ ಜಾಗ ನನ್ನದಾಗಿತ್ತು. ಆ ಹೊತ್ತಿನಲ್ಲಿ ಮಾತ್ರ ಅಪ್ಪ ನಮ್ಮ ಜೊತೆ ಮಾತಾಡುತ್ತಿದ್ದ, ತನ್ನ ಚಿಕ್ಕಂದಿನ ಕಥೆ ಹೇಳುತ್ತಿದ್ದ. ಆದರೆ ನಾನು ಕೊಟ್ಟ ಎಳೆ ಆಗಾಗ ತಪ್ಪುತ್ತಿತ್ತು. "ಲಕ್ಷ್ಯ ಎಲ್ಲೈತಿ ನಿಂದು?" ಅಂತ ಬೈಸಿಕೊಳ್ಳುತ್ತಿದ್ದೆ.

ನನಗೆ ಹದಿನಾಲ್ಕು, ಅವಳಿಗೆ ಒಂಬತ್ತು. ಒಂದು ದಿನ ನನಗೆ ಜ್ವರ. ಅವ್ವನಿಗೆ ಬೇರೆ ಕೆಲಸವಿತ್ತು. ತಂಗಿ ತಾನಾಗಿ ಹೋಗಿ ಅಪ್ಪನ ಪಕ್ಕ ಕೂತಳು. ಅಪ್ಪ "ಬ್ಯಾಡ ಏಳು, ಎಳಿ ಹರಿತಿ" ಅಂದ. ಅವಳು ಏಳಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಕೌದಿ ಹೊದ್ದು ನೋಡುತ್ತಿದ್ದೆ. ಒಂದು ತಾಸಾಯಿತು, ಎರಡು ತಾಸಾಯಿತು. ಭುಜ ಹಾರಲಿಲ್ಲ. ಗಂಟಲು ಸದ್ದು ಮಾಡಲಿಲ್ಲ. ಹಲ್ಲಿ ನೋಡಿದರೂ ಸಾಕು ಮಗ್ಗಿ ಮರೆಯುವ ಹುಡುಗಿ, ಬೆರಳ ತುದಿಯ ಎಳೆಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಂದು ಎಳೆಯೂ ತಪ್ಪಲಿಲ್ಲ. ಅಪ್ಪ ಕೈ ನಿಲ್ಲಿಸಿ ಅವಳ ತಲೆ ನೇವರಿಸಿದ. ನನ್ನ ತಲೆಯನ್ನು ಅವನು ನೇವರಿಸಿದ್ದು ನನಗೆ ನೆನಪಿರಲಿಲ್ಲ.

ನನ್ನ ಜ್ವರ ಬಿಟ್ಟಿತು, ಜಾಗ ಮಾತ್ರ ವಾಪಸು ಸಿಗಲಿಲ್ಲ. ಕೊಂಡಿಗೆ ಅಪ್ಪ ಅವಳನ್ನೇ ಕರೆಯತೊಡಗಿದ. ನನ್ನ ಪಾಲಿಗೆ ಪಾತ್ರೆ ಬಂತು, ನೀರು ತರುವುದು ಬಂತು. ಹೊಟ್ಟೆಕಿಚ್ಚಿಗೆ ಔಷಧ ಇಲ್ಲ ಅನ್ನುತ್ತಾರೆ. ನನ್ನದಕ್ಕೆ ಇರಲಿಲ್ಲ. ಎರಡು ಕೊಡ ಹೊತ್ತು ಬಂದಾಗ ಒಳಗಿನಿಂದ ಅಪ್ಪ ಕಥೆ ಹೇಳುವುದು ಕೇಳಿಸುತ್ತಿತ್ತು. ನನಗೆ ಹೇಳಿದ್ದ ಅದೇ ಕಥೆಗಳು. ನಾನು ಕೊಡವನ್ನು ಬೇಕೆಂದೇ ದಡ್ಡನೆ ಇಳಿಸುತ್ತಿದ್ದೆ.

ಅಷ್ಟರಲ್ಲಿ ಶಾಲೆಯವರು ಇದು ಕಡಿಮೆಯಾಗುವ ತನಕ ಈ ಹುಡುಗಿಯನ್ನು ಕಳಿಸಬೇಡಿ ಅಂದರು. ಅಪ್ಪ ಅವಳನ್ನು ಹುನಗುಂದದ ಒಬ್ಬ ಡಾಕ್ಟರರಿಗೆ ತೋರಿಸಿದ. ಅವರು ಮೊಣಕಾಲಿಗೆ ಬಡಿದು, ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, "ಬಾಗಲಕೋಟಿಗೆ ಹೋಗಿ ತಲಿ ಫೋಟೋ ತಗಸ್ಕೊಂಡು ಬರ್ರಿ. ಒಳಗ ಏನರೆ ಇದ್ರ ಗೊತ್ತಾಗ್ತೈತಿ" ಅಂದರು.

ಬಾಗಲಕೋಟೆಗೆ ನಾನೂ ಹೋದೆ, ಅವಳನ್ನು ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ. ಬಸ್ಸಿನಲ್ಲಿ ಅಪ್ಪ ಮುಂದೆ ಕೂತಿದ್ದ. ಹಿಂದೆ ನಾವಿಬ್ಬರು. ಅವಳು ನನ್ನ ಕಿವಿಯಲ್ಲಿ ಕೇಳಿದಳು.

"ಅಕ್ಕಾ, ತಲಿ ಒಳಗ ಕೆಟ್ಟದ್ದು ಇದ್ರ ಫೋಟೋದಾಗ ಕಾಣತೈತಿ, ಹೌದಲ್ಲ?"

"ಕಾಣತೈತಿ."

"ಹಂಗಾರ ಅದು ಇರ್ಲಿ. ಕಂಡ್ರ ಅಪ್ಪ ನಂಬ್ತಾನ, ನಾ ಬೇಕಂತ ಮಾಡಾಕತ್ತಿಲ್ಲಂತ."

ಅವಳು ಕಣ್ಣುಮುಚ್ಚಿ ಸಂಗಮನಾಥನಿಗೆ ಬೇಡಿಕೊಂಡಳು. ತನ್ನ ತಲೆಯೊಳಗೆ ಏನಾದರೂ ಕೆಟ್ಟಿರಲಿ ಅಂತ ದೇವರನ್ನು ಬೇಡಿದ ಮಗುವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಆದರೆ ಆಗ ನನಗೆ ಅದು ನಗೆ ತರಿಸಿತು.

ಫೋಟೋ ತೆಗೆಯುವ ಕೋಣೆ ಕತ್ತಲೆ. ತಣ್ಣನೆಯ ಮೇಜಿನ ಮೇಲೆ ಅವಳನ್ನು ಮಲಗಿಸಿದರು. ನಾನು ಎರಡೂ ಕೈಯಿಂದ ಅವಳ ತಲೆ ಹಿಡಿದುಕೊಂಡೆ. ಕಣ್ಣಿಗೂ ಕಿವಿಗೂ ನಡುವಿನ ಕಣತಲೆ ನನ್ನ ಅಂಗೈಯೊಳಗೆ ಬಡಿದುಕೊಳ್ಳುತ್ತಿತ್ತು. ಒಳಗಿನಿಂದ ಏನೋ ಎದ್ದು ಭುಜದ ಕಡೆ ಹೊರಟದ್ದು, ಅವಳು ಹಲ್ಲು ಕಚ್ಚಿ ಅದನ್ನು ತಡೆದದ್ದು, ಅದು ಮತ್ತೆ ಎದ್ದದ್ದು, ಎಲ್ಲವೂ ನನ್ನ ಕೈಗೆ ತಿಳಿಯಿತು. ಅವಳು ಅದನ್ನು ಮಾಡುತ್ತಿರಲಿಲ್ಲ. ಅದೇ ಅವಳಿಂದ ಮಾಡಿಸುತ್ತಿತ್ತು. ಯಾರೂ ಹೇಳದಿದ್ದರೂ ಆ ಕೋಣೆಯಲ್ಲಿ ನನಗೆ ಅದು ಗೊತ್ತಾಯಿತು. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಗೊತ್ತಿರಲಿಲ್ಲ ಅಂತ ಆಮೇಲೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ.

ಫೋಟೋ ಬಂತು. ಹುನಗುಂದದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಚೊಕ್ಕ ಐತ್ರಿ. ಒಳಗ ಏನೂ ಇಲ್ಲ. ಹುಡುಗಿ ಹಟಮಾರಿ, ಅಷ್ಟ" ಅಂದರು. ತಂಗಿ ಅವರ ಬಾಯಿಯನ್ನೇ ನೋಡುತ್ತಿದ್ದಳು.

ಅಪ್ಪನಿಗೆ ಡಾಕ್ಟರರ ಮಾತು ಸಾಕಾಗಲಿಲ್ಲ. ಮನೆಗೆ ಬಂದವನೇ ಆ ಕಪ್ಪು ಹಾಳೆಯನ್ನು ಮಗ್ಗದ ಪಕ್ಕದ ಕಿಟಕಿಗೆ ಹಿಡಿದ. ಸೀರೆ ಇಳಿಸಿದ ಮೇಲೆ ಕಡಿದ ಎಳೆ, ಬಿಟ್ಟ ಎಳೆ ಹುಡುಕಲು ಬಟ್ಟೆಯನ್ನು ಅಲ್ಲಿಯೇ ಬೆಳಕಿಗೆ ಹಿಡಿಯುವುದು ಅವನ ಪದ್ಧತಿ. ಸೀರೆ ಕೊಳ್ಳುವ ಸಾವಕಾರರಿಗೆ ಕಾಣದ ತಪ್ಪು ಅಪ್ಪನಿಗೆ ಕಾಣುತ್ತಿತ್ತು ಅಂತ ಓಣಿಯಲ್ಲಿ ಹೆಸರು. ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ, ಉಗುರಿನಿಂದ ಗೆರೆ ಎಳೆಯುತ್ತ ನೋಡಿದ. ಮಗಳ ಹಲ್ಲು, ದವಡೆ, ಕಣ್ಣಿನ ಎರಡು ತೂತು, ದುಂಡನೆಯ ಬುರುಡೆ.

"ಒಂದು ಎಳಿ ಸೈತ ತಪ್ಪಿಲ್ಲ," ಅಂದ. ಆ ದನಿಯಲ್ಲಿ ಸಮಾಧಾನವಿರಲಿಲ್ಲ. ತಪ್ಪು ಸಿಗದೆ ಹೋದದ್ದಕ್ಕೆ ಸಿಟ್ಟಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ ಹಿರಿಯರು. ಅಪ್ಪ ಪ್ರಮಾಣಕ್ಕೆ ನನ್ನನ್ನು ಕರೆದ. ತಂಗಿ ಅಲ್ಲೇ ಕಂಬಕ್ಕೆ ಆತು ನಿಂತಿದ್ದಳು. ಅವ್ವ ಕಂಡಿಕೆ ಸುತ್ತುವುದನ್ನು ನಿಲ್ಲಿಸಿದಳು.

"ಯವ್ವಾ, ಆಕಿ ಜೋಡಿ ಮಲಗಾಕಿ ನೀನು, ಸಾಲಿಗೆ ಹೋಗಾಕಿ ನೀನು. ಖರೆ ಹೇಳು. ಆಕಿ ಅದನ್ನ ಬೇಕಂತ ಮಾಡ್ತಾಳೋ, ತಾನ ಆಕ್ಕೈತೋ?"

ನನ್ನ ಅಂಗೈಯಲ್ಲಿ ಅವಳ ಕಣತಲೆಯ ಬಡಿತ ಇನ್ನೂ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ಕೊಂಡಿ ಹಾಕುವಾಗ ಒಮ್ಮಿ ಸೈತ ಮಾಡೂದಿಲ್ಲಲ್ಲಪ್ಪ," ಅಂದೆ. "ಬೇಕಂದ್ರ ತಡಕೋತಾಳ."

ಸುಳ್ಳು ಹೇಳಲಿಲ್ಲ ನೋಡಿ. ಕಂಡದ್ದನ್ನೇ ಹೇಳಿದೆ. ಖರೆ ಮಾತನ್ನು ಹೀಗೂ ಹೇಳಬಹುದು ಅಂತ ನಾನು ಹದಿನಾಲ್ಕರಲ್ಲೇ ಕಲಿತೆ. ತಂಗಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಡಾಕ್ಟರರ ಬಾಯಿ ನೋಡಿದ ಹಾಗೆಯೇ, ಮುಂದೆ ಏನಾಗುತ್ತದೆ ಅಂತ ತಿಳಿಯಲು.

ಅಪ್ಪ ಹೊಡೆಯಲಿಲ್ಲ. ಅವನು ಹೊಡೆಯುವ ಮನುಷ್ಯನಲ್ಲ. "ಇಲ್ಲಿ ಸುಮ್ಮ ಕುಂಡ್ರಾಕ ಬರ್ತೈತಿ ಅಂದ್ರ ಎಲ್ಲಾ ಕಡೆ ಬರ್ತೈತಿ," ಅಂದ. "ಮನ್ಯಾಗ, ಸಾಲ್ಯಾಗ ಸುಮ್ಮ ಕುಂಡ್ರೂದು ಕಲಿ. ಆಮ್ಯಾಲ ಕೊಂಡಿಗೆ ಬಾ. ಅಲ್ಲೀತನಕ ಮಗ್ಗದ ಕಡೆ ಬರಬ್ಯಾಡ."

ಅವಳು ಸುಮ್ಮನಿರುತ್ತಿದ್ದ ಒಂದೇ ಒಂದು ಜಾಗವನ್ನು, ಅವಳು ಸುಮ್ಮನಿರಲಿ ಅಂತಲೇ ಕಿತ್ತುಕೊಂಡ. ಅಪ್ಪ ಕೆಟ್ಟವನಲ್ಲ. ನೇಕಾರ, ಬಟ್ಟೆಯಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಕೈಯದು ಅಂತ ನಂಬಿದವನು.

ತಂಗಿ ಪ್ರಯತ್ನಪಟ್ಟಳು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಗೋಡೆಗೆ ಒತ್ತಿ ಕೂರುತ್ತಿದ್ದಳು. ಗಂಟಲು ಸದ್ದು ಮಾಡದಿರಲೆಂದು ಲಂಗದ ತುದಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಅರ್ಧ ತಾಸು ತಡೆದುಕೊಳ್ಳುತ್ತಿದ್ದಳು, ಆಮೇಲೆ ಹಿತ್ತಲಿಗೆ ಓಡಿ, ತಡೆದದ್ದೆಲ್ಲ ಒಮ್ಮೆಲೇ ಬಂದು, ಕುತ್ತಿಗೆ ನೋಯುವಷ್ಟು ಭುಜ ಹಾರಿಸುತ್ತಿದ್ದಳು. ಅಪ್ಪನಿಗೆ ಮೊದಲ ಅರ್ಧ ತಾಸು ಕಂಡಿತು. "ನೋಡು, ಬರ್ತೈತಿ ಆಕಿಗೆ," ಅಂದ. ಹಿತ್ತಲು ನನಗೆ ಕಂಡಿತು. ಪಾತ್ರೆ ತಿಕ್ಕುವ ಜಾಗ ಅಲ್ಲೇ ಇತ್ತಲ್ಲ. ನಾನು ತಲೆ ತಗ್ಗಿಸಿ ಪಾತ್ರೆ ತಿಕ್ಕಿದೆ.

ಮಗ್ಗದ ಪಕ್ಕದ ಜಾಗ ನನಗೆ ವಾಪಸು ಬಂತು. ಅಪ್ಪ ಮಾತ್ರ ಕಥೆ ಹೇಳುವುದನ್ನು ಬಿಟ್ಟ.

ನಾಲ್ಕು ತಿಂಗಳಲ್ಲಿ ಅವಳು ಅರ್ಧ ಇಳಿದುಹೋದಳು. ಆಗ ಬಾದಾಮಿಯಿಂದ ಮಾವ, ಅವ್ವನ ತಮ್ಮ, ಬಂದ. ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಸಣ್ಣ ಖಾನಾವಳಿ. ಮಕ್ಕಳಿರಲಿಲ್ಲ. "ನಮ್ಮಲ್ಲಿ ಮಗ್ಗ ಇಲ್ಲ, ಸಾಲಿ ಕಾಟ ಇಲ್ಲ. ಅತ್ತಿ ಜೋಡಿ ಇರ್ತಾಳ, ಬಿಡ್ರಿ," ಅಂದ. ಅಪ್ಪ ಹೂಂ ಅಂದ. ಅವಳ ಬಟ್ಟೆಗಳನ್ನು ಚೀಲಕ್ಕೆ ತುಂಬಿದ್ದು ನಾನು. ಬಸ್ಸು ಬಿಡುವಾಗ ಅವಳು ಕಿಟಕಿಯಿಂದ ಕೈಚಾಚಿ ನನ್ನ ಜಡೆ ಹಿಡಿದಳು.

"ನೀ ಹೇಳಕ್ಕಾ ಅಪ್ಪಗ. ನೀ ಹೇಳಿದ್ರ ನಂಬ್ತಾನ."

"ಹೇಳ್ತೇನಿ, ಹೋಗು," ಅಂದೆ. ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಹೇಳಬೇಕಾದರೆ ಮೊದಲು ಹೇಳಿದ್ದು ಯಾಕೆ ಅನ್ನುವುದನ್ನೂ ಹೇಳಬೇಕಾಗುತ್ತಿತ್ತು.

ಆ ಕಪ್ಪು ಹಾಳೆ ಕಿಟಕಿಯ ಪಕ್ಕ ಮೊಳೆಗೆ ನೇತಾಡುತ್ತಿತ್ತು. ಓಣಿಯವರು ಬಂದು ನೋಡಿ ಹೋದರು. ಒಂದು ಸಲ ಸೂರ್ಯಗ್ರಹಣ ಬಂದಾಗ ಪಕ್ಕದ ಮನೆಯ ಹುಡುಗರು ಅದನ್ನು ಕೇಳಿಕೊಂಡು ಹೋದರು. ಹಿರಿಯರೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ ಅವರು ಮಾಳಿಗೆ ಹತ್ತಿ, ನನ್ನ ತಂಗಿಯ ತಲೆಬುರುಡೆಯೊಳಗಿಂದ ಸೂರ್ಯನನ್ನು ನೋಡಿದರು. ಮತ್ತೆ ಅದು ಯಾರ ಕೈಗೆ ಹೋಯಿತೋ, ವಾಪಸು ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಎಂಬತ್ತರ ದಶಕದ ಮೊದಲಿಗೆ ನನ್ನ ಮದುವೆಯಾಯಿತು. ಬಾಗಲಕೋಟೆಯವರು. ಹತ್ತಿ ಜಿನ್ನಿನಲ್ಲಿ ಕಾರಕೂನಿಕೆ ಅವರದು. ಹೆಣ್ಣು ನೋಡಲು ಬಂದವರಿಗೆ ತಂಗಿ ಬಾದಾಮಿಯಲ್ಲಿ ಓದುತ್ತಾಳೆ ಅಂತ ಹೇಳಿದೆವು. ಮದುವೆಗೆ ಅವಳು ಬಂದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಅವಳು ಹಿಂದಿನ ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿದ್ದಳು. ಅವಳನ್ನು ಅಲ್ಲಿ ಕೂರಿಸಿದ್ದು ಯಾರು ಅಂತ ನಾನು ಕೇಳಲಿಲ್ಲ, ಅವಳು ಮುಂದೆ ಬರಲಿ ಅಂತಲೂ ಅನ್ನಲಿಲ್ಲ. ಹೊರಡುವಾಗ ಕಾಲಿಗೆ ಬಿದ್ದಳು. ಅವಳ ಭುಜ ನನ್ನ ಮೊಣಕಾಲಿಗೆ ತಾಗಿ ಹಾರಿತು.

ಅಪ್ಪ ತೀರಿಕೊಂಡದ್ದು ಅದಾಗಿ ಐದು ವರ್ಷಕ್ಕೆ. ಕೊನೆಯ ದಿನಗಳಲ್ಲಿ ಬಾದಾಮಿಯ ಮಗಳನ್ನು ಕರೆಸಿರಿ ಅಂದ, ಅವಳು ಬಂದಳು, ಹತ್ತು ದಿನ ಅವನ ಸೇವೆ ಮಾಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಆಗಲೂ ನಾನು ಹೇಳಬಹುದಿತ್ತು. ಕೋಣೆಯಲ್ಲಿ ನಾವು ಮೂವರೇ ಇದ್ದ ಹೊತ್ತು ಎಷ್ಟೋ ಇತ್ತು.

ಅದಾದ ಎರಡು ವರ್ಷಕ್ಕೆ ನನ್ನ ಮಗಳು, ಆರು ವರ್ಷದವಳು, ಊಟಕ್ಕೆ ಕೂತಾಗ ಪಟಪಟ ಅಂತ ರೆಪ್ಪೆ ಬಡಿದಳು. ನಾನು ಸಾರಿನ ಸೌಟು ಕೆಳಗಿಟ್ಟೆ. ಕಣ್ಣಿಗೆ ಏನು ಬಿತ್ತು ಅಂತ ಕೇಳಿದೆ. ಏನಿಲ್ಲ ಅಂದಳು. ಎರಡು ತಿಂಗಳಲ್ಲಿ ಭುಜ ಬಂತು, ಶಾಲೆಯಿಂದ ಚೀಟಿ ಬಂತು. 'ಲಕ್ಷ್ಯವಿಲ್ಲ, ಕೂತಲ್ಲಿ ಕೂರುವುದಿಲ್ಲ.' ಒಂದು ದಿನ ನಾನು ಅವಳ ಭುಜಕ್ಕೆ ಹೊಡೆದು, "ಸುಮ್ಮ ಕುಂಡ್ರು, ಬೇಕಂತ ಮಾಡಬ್ಯಾಡ" ಅಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಬಾಗಿಲು ಹಾಕಿಕೊಂಡು ಅತ್ತೆ.

ಮರುದಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಸಣ್ಣವರು, ದೊಡ್ಡ ಊರಿನಲ್ಲಿ ಕಲಿತು ಬಂದಿದ್ದರು. ಮಗಳೊಡನೆ ಬಹಳ ಹೊತ್ತು ಆಟದ ಮಾತಾಡಿದರು. ಆಮೇಲೆ ನನ್ನ ಕಡೆ ತಿರುಗಿ, "ಮನೆತನದಾಗ ಹಿಂಗ ಯಾರಿಗರೆ ಇತ್ತೇನ್ರಿ?" ಅಂದರು.

"ನನ್ನ ತಂಗಿಗೆ," ಅಂದೆ. "ಆಕಿ ತಲಿ ಫೋಟೋ ತಗಸಿದ್ವಿರಿ. ಏನೂ ಬರಲಿಲ್ಲ. ಈಕಿದೂ ತಗಸ್ಲೇನ್ರಿ?"

"ಬ್ಯಾಡ್ರಿ. ಎಕ್ಸ್-ರೇದಾಗ ಕಾಣೂದು ಎಲುಬು. ಮಿದುಳು ಅದರಾಗ ಕಾಣೂದ ಇಲ್ಲ. ಮುಚ್ಚಿದ ಡಬ್ಬಿ ನೋಡಿ ಒಳಗ ಸಕ್ಕರಿ ಐತೋ ಉಪ್ಪೈತೋ ಹೆಂಗ ಹೇಳೂದು?"

ಹನ್ನೆರಡು ವರ್ಷದ ಹಿಂದೆ ಆ ಕಿಟಕಿಯಲ್ಲಿ ಅಪ್ಪ ಉಗುರಿನಿಂದ ಗೆರೆ ಎಳೆದು ನೋಡಿದ್ದು ಡಬ್ಬಿಯನ್ನು.

ಅವರು ಚೀಟಿಯ ಹಿಂಭಾಗದಲ್ಲಿ ಚಿತ್ರ ಬರೆದರು. ಹೊರಗೆ ಸುಕ್ಕುಸುಕ್ಕಾದ ದುಂಡು, ಒಳಗೆ ಆಳದಲ್ಲಿ ಆ ಕಡೆ ಈ ಕಡೆ ಸಣ್ಣ ಗಂಟುಗಳು. ಕೈಕಾಲು ಯಾವಾಗ ಅಲುಗಬೇಕು, ಯಾವಾಗ ಸುಮ್ಮನಿರಬೇಕು ಅನ್ನುವುದನ್ನು ಆರಿಸುವುದರಲ್ಲಿ ಆ ಗಂಟುಗಳಿಗೆ ಕೆಲಸವಿದೆ. ಹಣೆಯ ಹಿಂದಿನ ಭಾಗ ಲಕ್ಷ್ಯ ಹಿಡಿದಿಡುತ್ತದೆ, ಬೇಡದ್ದನ್ನು ತಡೆಯುತ್ತದೆ. ಎರಡರ ನಡುವೆ ದಾರಿಗಳಿವೆ. ಕೆಲವು ಮಕ್ಕಳಲ್ಲಿ ಇವು ಸ್ವಲ್ಪ ಬೇರೆ ರೀತಿ ಬೆಳೆದಿರಬಹುದು, ಅಳತೆಯಲ್ಲೂ ಕೂದಲೆಳೆಯ ಫರಕು ಇರಬಹುದು, ಅದಕ್ಕೇ ಅಲುಗಾಟವೂ ಚಂಚಲತೆಯೂ ಎಷ್ಟೋ ಸಲ ಒಂದೇ ಮಗುವಿನಲ್ಲಿ ಕಾಣುತ್ತವೆ ಅಂತ ತಿಳಿದವರ ಅಂದಾಜು.

"ಅಂದಾಜು ಅಷ್ಟರಿ," ಅಂದರು. "ಖಾತ್ರಿ ಇನ್ನೂ ಯಾರಿಗೂ ಇಲ್ಲ. ಆದ್ರ ಒಂದು ಖರೆ. ಹುಡುಗಿ ಇದನ್ನ ಬೇಕಂತ ಮಾಡೂದಿಲ್ಲ."

"ನನ್ನ ತಂಗಿ ಕೊಂಡಿ ಹಾಕುವಾಗ ಮಾಡ್ತಿರಲಿಲ್ಲರಿ. ತಾಸುಗಟ್ಟಲೆ."

"ಹೌದ್ರಿ, ಮನಸ್ಸು ಪೂರಾ ಒಂದು ಕೆಲಸದಾಗ ಇಳದ್ರ ಭಾಳ ಮಕ್ಕಳಿಗೆ ಕಡಿಮಿ ಆಕ್ಕೈತಿ. ಒಂದೀಟು ಹೊತ್ತು ತಡಕೊಳ್ಳಾಕೂ ಬರ್ತೈತಿ, ಸೀನು ತಡಕೊಂಡಂಗ. ಅಂದ್ರ ಬೇಕಂತ ಸೀನ್ತಾರ ಅಂತೇನ್ರಿ? ಆಕಿಗೆ ಆ ಕೆಲಸ ಇನ್ನಷ್ಟು ಕೊಡಬೇಕಾಗಿತ್ತು ನೋಡ್ರಿ."

ಮಗಳು ಚಿತ್ರ ನೋಡಿ, ಇದು ಯಾವ ಹಣ್ಣು ಅಂತ ಕೇಳಿದಳು. ಡಾಕ್ಟರು ನಕ್ಕರು. ನನಗೆ ನಗಲು ಆಗಲಿಲ್ಲ.

ಆ ಭಾನುವಾರವೇ ಮಗಳನ್ನು ಕರೆದುಕೊಂಡು ಬಾದಾಮಿಗೆ ಹೋದೆ. ಖಾನಾವಳಿಯ ಹಿಂದಿನ ಅಡುಗೆಮನೆಯಲ್ಲಿ ತಂಗಿ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಈಗ ಇಪ್ಪತ್ತೊಂದು. ಮದುವೆಯ ಮಾತು ಯಾರೂ ತೆಗೆದಿರಲಿಲ್ಲ. ಒಂದು ರೊಟ್ಟಿಗೂ ಇನ್ನೊಂದಕ್ಕೂ ನಡುವೆ ಭುಜ ಒಮ್ಮೆ ಹಾರುತ್ತಿತ್ತು. ಊಟಕ್ಕೆ ಕೂತವರು ಯಾರೂ ತಿರುಗಿ ನೋಡುತ್ತಿರಲಿಲ್ಲ. ಮಗಳು ಅವಳನ್ನು ನೋಡಿದಳು, ಅವಳು ಮಗಳನ್ನು ನೋಡಿದಳು. ಇಬ್ಬರ ಭುಜವೂ ಹೆಚ್ಚುಕಡಿಮೆ ಒಟ್ಟಿಗೇ ಹಾರಿತು. ತಂಗಿಯ ಕೈ ನಿಂತಿತು. ಮಗಳನ್ನು ಹತ್ತಿರ ಕರೆದು, ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು.

ನಾನು ಒಂದೇ ಉಸಿರಿಗೆ ಎಲ್ಲಾ ಹೇಳಿದೆ. ಡಬ್ಬಿಯ ಮಾತು, ಗಂಟುಗಳ ಮಾತು, ಸೀನಿನ ಮಾತು. ಪರಾತದಲ್ಲಿ ಉದುರಿದ ಹಿಟ್ಟಿನ ಮೇಲೆ ಬೆರಳಿನಿಂದ ಆ ಚಿತ್ರವನ್ನೂ ಬರೆದು ತೋರಿಸಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಅವಳಿಗೆ ಏನೋ ದೊಡ್ಡದನ್ನು ತಂದುಕೊಟ್ಟೆ ಅಂತ ನನ್ನ ಮನಸ್ಸಿನಲ್ಲಿತ್ತು.

"ನೀ ಬೇಕಂತ ಮಾಡಿದ್ದಲ್ಲಂತ," ಅಂದೆ. "ಡಾಕ್ಟರ್ ಹೇಳ್ಯಾರ."

ಅವಳು ಚಿತ್ರವನ್ನು ನೋಡಿದಳು. ಅದರ ಮೇಲೆ ಒಂದು ಮುಷ್ಟಿ ಹಿಟ್ಟು ಹಾಕಿ ನಾದತೊಡಗಿದಳು.

"ಇದನ್ನ ಹೇಳಾಕ ಬಂದಿಯೇನಕ್ಕಾ? ನನಗ ಆಗನ ಗೊತ್ತಿತ್ತಲ್ಲ." ಹಿಟ್ಟಿಗೆ ನೀರು ಚಿಮುಕಿಸಿ ಅಂದಳು, "ನಿನಗೂ ಗೊತ್ತಿತ್ತು. ಆ ಕತ್ತಲಿ ಖೋಲ್ಯಾಗ ನನ್ನ ತಲಿ ಹಿಡದಿದ್ದೀ. ಅದು ಎದ್ದಾಗೊಮ್ಮಿ ನಿನ್ನ ಕೈ ಬಿಗಿ ಆಗ್ತಿತ್ತು."

ನಾನು ಪರಾತದ ಅಂಚಿಗೆ ಅಂಟಿದ ಹಿಟ್ಟು ಉಜ್ಜಿದೆ.

"ಹೌದು, ಗೊತ್ತಿತ್ತು," ಅಂದೆ.

"ಅಷ್ಟು ಮಾತು ಅವತ್ತು ಅಪ್ಪನ ಮುಂದ ಅಂದಿದ್ರ ಸಾಕಾಗಿತ್ತು," ಅಂದಳು, ಮತ್ತು ಹಿಟ್ಟಿನ ಉಂಡೆ ಮಾಡಿ ಮುಂದಿನ ರೊಟ್ಟಿ ಬಡಿಯತೊಡಗಿದಳು.